ಮೈಬೂಬನಿಗೆ ನಾನು ಬರೆದುಕೊಟ್ಟ ಅರ್ಜಿ

"ಅಬ್ಬಾಂದು ವಿಆರ್‌ಎಸ್ ಅರ್ಜಿ ಬರ್ದವ್ರು ನೀವ ಏನ್ರಿ?"

ಕಳೆದ ಭಾನುವಾರ ಜೇವರ್ಗಿಯ ನಮ್ಮ ಮನೆ ಬಾಗಿಲಲ್ಲಿ ನಿಂತು ಹಾಗೆ ಕೇಳಿದವಳು ರೇಷ್ಮಾ, ಮೈಬೂಬನ ಮಗಳು. ಹೌದು ಅಂದೆ. ಬೇರೇನು ಹೇಳಲಿ? ಸ್ವಯಂನಿವೃತ್ತಿ ಕೇಳಿದ ಆ ಅರ್ಜಿಯ ಅಕ್ಷರ ನನ್ನದೇ.

ಮೈಬೂಬ ಮತ್ತು ನಾನು ಒಂದೇ ಪಶು ಆಸ್ಪತ್ರೆಯಲ್ಲಿದ್ದವರು. ನಾನು ಕ್ಲರ್ಕ್, ಅವನು ಅಟೆಂಡರ್. ಡಾಕ್ಟರ್ ಇಂಜೆಕ್ಷನ್ ಕೊಡುವಾಗ ಎಮ್ಮೆಯ ಕೊಂಬು ಹಿಡಿದು ನಿಲ್ಲುವುದು ಅವನ ಕೆಲಸ. (ಸುಲಭ ಅನ್ನುವವರು ಒಮ್ಮೆ ಹಿಡಿದು ನೋಡಿ.) ನಾನು ಮೊದಲೇ ಸೇರಿದ್ದೆ. ಹಳೇ ಪೆನ್ಷನ್ ಸಿಕ್ಕಿತು, ನಿಶ್ಚಿಂತೆಯಿಂದ ರಿಟೈರ್ ಆದೆ. ಅವನು ವರ್ಷಗಟ್ಟಲೆ ದಿನಗೂಲಿಯಲ್ಲಿದ್ದು, ಹೊಸ ಪೆನ್ಷನ್ ಸ್ಕೀಮ್ ಬಂದ ಮೇಲೆ ಕಾಯಂ ಆದ. ಅದರಲ್ಲಿ ಅವನಿಗೆ ಬರುವ ಪೆನ್ಷನ್ ಔಷಧಿಗೂ ಸಾಲದು.

ಹೋದ ವರ್ಷ ಅವನ ಹಾರ್ಟ್ ಕೆಟ್ಟಿತು. ಕಲಬುರಗಿಯ ಡಾಕ್ಟರು ಭಾರದ ಕೆಲಸ ಬೇಡವೆಂದರು. ರಜೆ ಮುಗಿದದ್ದೇ ಮತ್ತೆ ಡ್ಯೂಟಿಗೆ ಬಂದ. ಒಂದು ದಿನ ನಾನು ಪಶು ಆಸ್ಪತ್ರೆಗೆ ಹೋಗಿದ್ದಾಗ, ಎತ್ತು ಎಳೆದ ರಭಸಕ್ಕೆ ಬಿದ್ದ. ಎದ್ದು ಕೂತವನಿಗೆ ಉಸಿರು ಸಿಗುತ್ತಿಲ್ಲ.

"ವಿಆರ್‌ಎಸ್ ತೊಗೊ ಮೈಬೂಬ. ಜೀವ ಇದ್ರ ಎಲ್ಲಾ ಅದ," ಅಂದೆ.

"ಡ್ಯೂಟಿ ಮ್ಯಾಲ ಸತ್ರ ಮಗಳಿಗಿ ನೌಕರಿ ಸಿಗ್ತದ್ರಿ ಸರ. ರಿಟೈರ್ ಆಗಿ ಸತ್ರ ಏನ್ ಸಿಗ್ತದ?"

ತಮಾಷೆಗೆ ಹೇಳಿರಲಿಲ್ಲ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅಷ್ಟರೊಳಗೆ ಸಾಯುತ್ತೇನೆಂದು ನಂಬಿ ಕೆಲಸಕ್ಕೆ ಬರುತ್ತಿದ್ದ!

ಹುಚ್ಚ ಎಂದು ಬೈದೆ. ತಿಂಗಳುಗಟ್ಟಲೆ ಬೆನ್ನು ಬಿದ್ದೆ. ಅವನ ಹೆಂಡತಿಯಿಂದಲೂ ಹೇಳಿಸಿದೆ. ಕೊನೆಗೆ ಒಪ್ಪಿದ. ಸಹಿ ಮಾಡುವಾಗ ಅವನ ಕೈ ಅರ್ಧಕ್ಕೆ ನಿಂತಿತು. "ಮಾಡು" ಅಂದವನು ನಾನೇ.

ಮಂಜೂರಾಗಿ ಮನೆಗೆ ಬಂದ ಹತ್ತೊಂಬತ್ತನೇ ದಿನ ಮೈಬೂಬ ತೀರಿಕೊಂಡ.

ರೇಷ್ಮಾ ಬಿ.ಕಾಂ. ಓದಿದ್ದಾಳೆ. ಅನುಕಂಪದ ನೌಕರಿ ಕೇಳಲು ಆಫೀಸಿಗೆ ಹೋಗಿದ್ದಳು. ಸೇವೆಯಲ್ಲಿದ್ದಾಗ ತೀರಿಹೋದವರ ಮಕ್ಕಳಿಗಷ್ಟೇ ಎಂದರಂತೆ. ಅವರದೇನು ತಪ್ಪು? ನಿಯಮ ಇರುವುದೇ ಹಾಗೆ.

"ನಿಮಗ ಬೈಯಾಕ ಬಂದಿಲ್ರಿ ಕಾಕಾ," ಅಂದಳು. "ಅಮ್ಮಿ ದಿನಾ ಅಳಾಕತ್ಯಾಳ, ನನ್ನ ಮಾತ್ ಕೇಳೇ ಅವ್ರು ನೌಕರಿ ಬಿಟ್ರು ಅಂತ. ಖರೇ ಏನು?"

"ಇಲ್ಲವ್ವ. ಬಿಡಿಸಿದಾಂವ ನಾನ ಅಂತ ಅಮ್ಮಿಗಿ ಹೇಳು."

ತಲೆಯಾಡಿಸಿದಳು. ಚಹಾ ಕುಡಿಯದೇ ಹೋದಳು.

ಯಾವಾಗ ರಿಟೈರ್ ಆಗಬೇಕೆಂಬುದನ್ನು ವಯಸ್ಸು, ಆರೋಗ್ಯ ನೋಡಿ ತೀರ್ಮಾನಿಸಬೇಕೆಂದು ನಮ್ಮಂಥ ಹಳೇ ಪೆನ್ಷನ್‌ನವರು ತಿಳಿದಿದ್ದೇವೆ. ಬದುಕಿದರೆ ಹೊಟ್ಟೆಗೆ ಸಾಲದ ಪೆನ್ಷನ್, ಸತ್ತರೆ ಮಗಳಿಗೆ ಕಾಯಂ ನೌಕರಿ ಅನ್ನುವ ಸ್ಥಿತಿಯಲ್ಲಿರುವವನ ತೀರ್ಮಾನ ಹೇಗಿರಬೇಕು?

ನಿನ್ನೆ ಆಳಂದದಿಂದ ಇನ್ನೊಬ್ಬ ಅಟೆಂಡರ್ ಫೋನ್ ಮಾಡಿದ್ದ, ಅವನೂ ಹೊಸ ಪೆನ್ಷನ್ನಿನವನೇ. ಶುಗರ್ ಹೆಚ್ಚಾಗಿ ಕಾಲು ಕೊಳೆಯುತ್ತಿದೆ, ನಿಲ್ಲಲು ಆಗುತ್ತಿಲ್ಲ. "ವಿಆರ್‌ಎಸ್ ತೊಗೊಳ್ಲೇನ್ರಿ ಸರ?" ಅಂತ ಕೇಳಿದ.

ಏನು ಹೇಳಲಿ, ನೀವೇ ಹೇಳಿ?