ಬರೆದ ಪಪ್ಪಾಯಿಯ ಒಂದು ಹೋಳು

ಎಡೆಯನ್ನು ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ನಮ್ಮ ಕಡೆ ಹೇಳುತ್ತಾರೆ. ನಾನು ಇದನ್ನು ನಂಬಿದವನಲ್ಲ. ಹಸಿದ ಕಾಗೆ ತಿನ್ನುತ್ತದೆ, ಹೊಟ್ಟೆ ತುಂಬಿದ ಕಾಗೆ ಹಾರಿಹೋಗುತ್ತದೆ, ಇದರಲ್ಲೇನಿದೆ ಎಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ವಾದ ಮಾಡಿದ್ದೇನೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಐದು ವರ್ಷದ ಹಿಂದೆ ನಡೆದ ಒಂದು ಸಂಗತಿಗೆ ಇವತ್ತಿಗೂ ನನ್ನ ಬಳಿ ಉತ್ತರವಿಲ್ಲ. ಅದರಲ್ಲಿ ನನಗೆ ಮರ್ಯಾದೆ ತರುವಂಥದ್ದೇನೂ ಇಲ್ಲ. ಓದಿ ನೀವು ಮುಖ ಸಿಂಡರಿಸಿದರೆ ನನಗೆ ಬೇಸರವೂ ಇಲ್ಲ.

ನಾನು ಗಂಗಾವತಿಯಲ್ಲಿ ಡ್ರಾಯಿಂಗ್ ಮಾಸ್ತರ. ಹುಟ್ಟೂರು ಕುಷ್ಟಗಿ ಹತ್ತಿರದ ಒಂದು ಹಳ್ಳಿ. ನಾನು ಎರಡು ವರ್ಷದವನಿದ್ದಾಗ ಅವ್ವ ತೀರಿಕೊಂಡಳು. ಅವಳ ತಂಗಿ, ಅಂದರೆ ನನ್ನ ಚಿಗವ್ವ, ತನ್ನ ಮಗಳು ಗಂಗವ್ವನ ಜೊತೆಗೆ ನನ್ನನ್ನೂ ಸಾಕಿದಳು. ಕೂಲಿಗೆ ಹೋದಲ್ಲಿ ಯಾರಾದರೂ ಒಂದು ಹಣ್ಣು ಕೊಟ್ಟರೆ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ನಾನು ದೊಡ್ಡ ಹಟಮಾರಿ, ಸಾಲೆಗೆ ಹೋಗುವ ವಯಸ್ಸಿನಲ್ಲೂ ಅವಳು ತಿನ್ನಿಸದಿದ್ದರೆ ಉಣ್ಣುತ್ತಿರಲಿಲ್ಲ.

ಚಿಗವ್ವನಿಗೆ ಎಲೆ, ಅಡಿಕೆ, ತಂಬಾಕು ಇಲ್ಲದೆ ಒಂದು ತಾಸು ಕಳೆಯುತ್ತಿರಲಿಲ್ಲ. ಅರವತ್ತು ದಾಟುವ ಹೊತ್ತಿಗೆ ಬಾಯಲ್ಲಿ ಹುಣ್ಣಾಯಿತು. ದೊಡ್ಡ ಆಸ್ಪತ್ರೆಗೆ ಒಯ್ದರೆ, ಕ್ಯಾನ್ಸರ್ ಗಂಟಲಿಗೆ ಇಳಿದಿದೆ, ಮನೆಯಲ್ಲೇ ನೋಡಿಕೊಳ್ಳಿ ಎಂದರು. ಆಮೇಲೆ ಒಂದು ಕಡೆಯ ಗಲ್ಲ ತೂತು ಬಿತ್ತು. ಗಂಗವ್ವ ದಿನಕ್ಕೆ ಮೂರು ಸಲ ಅರಿವೆಯಿಂದ ಕೀವು ಒರೆಸಿ ಔಷಧ ಹಚ್ಚುತ್ತಿದ್ದಳು. ಆ ವಾಸನೆಯನ್ನು ಹೇಗೆ ಹೇಳಲಿ? ಗೋಡೆಯ ಸಂದಿಯಲ್ಲಿ ಇಲಿ ಸತ್ತು ಕೊಳೆತರೆ ಬರುತ್ತದಲ್ಲ, ಅಂಥದ್ದು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದೆ. ನನ್ನನ್ನು ಸಾಕಿದವಳನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಇದನ್ನು ಬೇರೆ ಯಾವ ಮಾತಿನಲ್ಲಿ ಹೇಳಿದರೂ ಸುಳ್ಳಾಗುತ್ತದೆ.

ಒಂದು ಭಾನುವಾರ ಪಪ್ಪಾಯಿ ತೆಗೆದುಕೊಂಡು ಹೋದೆ. ಗಂಗವ್ವ ಅದನ್ನು ನಾಲ್ಕು ಹೋಳು ಮಾಡಿ ತಟ್ಟೆಯಲ್ಲಿಟ್ಟು, "ಅಣ್ಣಾ, ನೀ ಅವ್ವನ ಹಂತ್ಯಾಕ ಇರು, ಅರಿವಿ ಒಗಕೊಂಡು ಬರ್ತೀನಿ" ಎಂದು ಹೊರಟುಹೋದಳು. ಹತ್ತಿರ ಕೂಡಲು ಮನಸ್ಸಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಬ್ಯಾಗಿನಲ್ಲಿ ಬಣ್ಣದ ಪೆಟ್ಟಿಗೆ, ಕಾಗದ ಇದ್ದವು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಹಣ್ಣಿನ ತಟ್ಟೆ, ತಂಬಿಗೆ, ಚಿಗವ್ವನ ಎಲೆ ಅಡಿಕೆ ಚೀಲ ಜೋಡಿಸಿಟ್ಟು ನೋಡಿ ಬರೆಯಲು ಕುಳಿತೆ. ಮಕ್ಕಳಿಗೆ ವಾರಕ್ಕೊಮ್ಮೆ ಕಲಿಸುವ ವಸ್ತುಚಿತ್ರವೇ. ಕಿಟಕಿಯಿಂದ ಒಂದಿಷ್ಟು ಗಾಳಿ ಬರುತ್ತಿತ್ತು, ನನಗೆ ಬೇಕಾಗಿದ್ದದ್ದು ಅದು.

ಅರ್ಧ ಮುಗಿದಿರಬೇಕು, ಚಿಗವ್ವ ಕಣ್ಣು ಬಿಟ್ಟಳು. ಮಾತು ಗಲ್ಲದ ತೂತಿನಿಂದ ಗಾಳಿಯಾಗಿ ಸೋರಿಹೋಗುತ್ತಿತ್ತು.

"ತಮ್ಮಾ, ಆ ಹಣ್ಣ ಒಂದೀಟ ನಿನ್ನ ಕೈಲೆ ತಿನಸೋ. ನುಂಗಾಕ ಆಗದಿದ್ರೂ ಚಿಂತಿಲ್ಲ."

ತಟ್ಟೆಯಲ್ಲಿ ಎಲ್ಲಕ್ಕಿಂತ ಮುಂದಿದ್ದ ಹೋಳನ್ನು ಕೈಗೆತ್ತಿಕೊಂಡು ಎದ್ದೆ. ಅವಳು ಬಾಯಿ ತೆರೆದಳು. ಒಳಗಿನ ಮಾಂಸ ಕೈಯಲ್ಲಿದ್ದ ಹಣ್ಣಿನ ಬಣ್ಣದ್ದೇ, ಅಷ್ಟೇ ಮೆತ್ತಗೆ, ನೀರು ಬಿಟ್ಟುಕೊಂಡು ಹೊಳೆಯುತ್ತಿತ್ತು. ನನ್ನ ಬೆರಳು ಅದಕ್ಕೆ ತಾಗುತ್ತದೆ ಎಂದುಕೊಂಡ ಕೂಡಲೇ ಕೈ ಹಿಂದೆ ತೆಗೆದುಕೊಂಡೆ.

"ಗಂಗವ್ವ ಬರ್ಲಿ ತಡಿ ಬೇ. ಚಿತ್ರ ಮುಗಿಯೂತನಕ ಹಣ್ಣ ಹಂಗ ಇರಬೇಕು" ಎಂದು ಹೋಳನ್ನು ತಟ್ಟೆಗೆ ಮರಳಿ ಇಟ್ಟೆ.

"ಆತು ಬಿಡು, ಬರಿ" ಎಂದು ಅವಳು ಗೋಡೆಯ ಕಡೆ ಹೊರಳಿದಳು.

ನಾನು ಕೈ ತೊಳೆದು ಬಂದು ಚಿತ್ರ ಮುಗಿಸಿದೆ. ಚೆನ್ನಾಗಿಯೇ ಬಂತು. ಮೊಬೈಲಿನಲ್ಲಿ ಫೋಟೊ ಬೇರೆ ತೆಗೆದುಕೊಂಡೆ. ಹಣ್ಣಿನ ಮೇಲೆ ನೊಣ ಕಪ್ಪಗೆ ಮುತ್ತಿದ್ದವು, ಗಂಗವ್ವ ಬಂದವಳು ಅದನ್ನು ಒಯ್ದು ಎಮ್ಮೆಗೆ ಹಾಕಿದಳು. ಅದಾದ ನಾಲ್ಕನೇ ದಿನ ಚಿಗವ್ವ ಹೋದಳು.

ಹನ್ನೊಂದನೇ ದಿನ ಹೊಲದಲ್ಲಿ ಮಣ್ಣು ಮಾಡಿದ ಜಾಗದ ಮುಂದೆ ಎಡೆ ಇಟ್ಟರು. ಹೋಳಿಗೆ, ಅನ್ನ, ಬದನೆಕಾಯಿ ಪಲ್ಯ, ಕೊನೆಗೆ ಅವಳನ್ನು ಕೊಂದ ತಂಬಾಕು ಸಹ ಒಂದು ಚಿಟಿಕೆ. ಬೇವಿನ ಮರದ ತುಂಬ ಕಾಗೆಗಳಿದ್ದವು. ಒಂದೂ ಕೆಳಗೆ ಇಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಚಿಗವ್ವನ ಮೈದುನ ಎದ್ದು ನಿಂತ.

"ಮುದುಕಿಗೆ ಏನೋ ಆಸೆ ಉಳದೈತಿ. ಕಡೀಕ ಏನರ ಕೇಳಿದ್ಲೇನು? ಗೊತ್ತಿದ್ದವ್ರು ಹೇಳ್ರಿ, ಈಗಿಂದೀಗ ತಂದು ಇಡೂಣು. ಹಣ್ಣುಹಂಪಲ ಏನರ?"

"ಹಣ್ಣಿಂದು ಇರಂಗಿಲ್ರಿ ಕಾಕಾ" ಎಂದಳು ಗಂಗವ್ವ. "ಅದನ್ನ ನಮ್ಮಣ್ಣ ತಿನ್ಸ್ಯಾನ. ಅವ್ವ ನನ್ನ ಮುಂದ ಹೇಳಿದ್ಲು, ತಮ್ಮ ತನ್ನ ಕೈಲೆ ತಿನಿಸಿದ, ಭಾಳ ಸಿಹಿ ಇತ್ತು ಅಂತ."

ಎಲ್ಲರೂ ನನ್ನನ್ನು ನೋಡಿದರು. ಯಾರೋ ಒಬ್ಬಾಕೆ, ಹೆತ್ತ ಮಗನೂ ಮಾಡಂಗಿಲ್ಲ ಎಂದಳು. ಚಿಗವ್ವ ನನ್ನ ಮಾನ ಕಾಯಲು ಆ ಗಲ್ಲ ಇಟ್ಟುಕೊಂಡು ಸುಳ್ಳು ಹೇಳಿದ್ದಳು. ಪಪ್ಪಾಯಿ ಇಡಿ ಎಂಬ ಎರಡೇ ಮಾತು ನಾಲಿಗೆಯ ತುದಿಗೆ ಬಂದಿದ್ದವು. ನಾನು ತಲೆ ತಗ್ಗಿಸಿ ಕೂತೆ. ಜನ ಅದನ್ನು ದುಃಖ ಎಂದುಕೊಂಡರು. ಕಾದು ಕಾದು ಸಾಕಾಗಿ ಎಡೆಯನ್ನು ಆಕಳಿಗೆ ತಿನ್ನಿಸಿದರು. ಗಂಗವ್ವ ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಬಸ್ಸಿಗೆ ಗಂಗಾವತಿಗೆ ಬಂದವನು ಕೈಕಾಲು ಸಹ ತೊಳೆಯದೆ ರಟ್ಟಿನ ಫೈಲು ತೆಗೆದೆ. ಆ ಚಿತ್ರವನ್ನು ಹರಿದುಹಾಕಬೇಕೆಂದಿದ್ದೆ. ಬೀಗ ಹಾಕಿದ ಮನೆಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇದ್ದ ಫೈಲು ಅದು. ತಟ್ಟೆಯಲ್ಲಿ ಮೂರೇ ಹೋಳು ಇದ್ದವು. ನಾನು ಕೈಗೆತ್ತಿ ಮರಳಿ ಇಟ್ಟಿದ್ದ ಮುಂದಿನ ಹೋಳು ಇರಲಿಲ್ಲ.

ಚಿತ್ರ ಬರೆಯದವರಿಗೆ ಒಂದು ಮಾತು ಹೇಳಬೇಕು. ನೀರುಬಣ್ಣದಲ್ಲಿ ನಾವು ಬಿಳಿ ಹಚ್ಚುವುದಿಲ್ಲ, ಬಿಳಿ ಬೇಕಾದಲ್ಲಿ ಕಾಗದವನ್ನೇ ಹಾಗೆ ಬಿಡುತ್ತೇವೆ. ಒಮ್ಮೆ ಹಚ್ಚಿದ ಬಣ್ಣವನ್ನು ಒದ್ದೆ ಬ್ರಶ್ಶಿನಿಂದ ಎಷ್ಟು ತೊಳೆದರೂ ಕಲೆ ಉಳಿಯುತ್ತದೆ, ಉಜ್ಜಿದರೆ ಕಾಗದದ ಮೈ ಏಳುತ್ತದೆ. ಇಲ್ಲಿ ಕಲೆ ಇಲ್ಲ, ಪೆನ್ಸಿಲ್ ಗೆರೆ ಇಲ್ಲ, ಅಂಗಡಿಯಿಂದ ತಂದಂಥ ಹಸನಾದ ಬಿಳಿ ಕಾಗದ. ಹೋಳಿನ ನೆರಳು ಮಾತ್ರ ತಟ್ಟೆಯ ಮೇಲೆ ಹಾಗೇ ಬಿದ್ದಿತ್ತು. ಬಣ್ಣದಲ್ಲಿ ಬೆರೆತ ಅಂಟಿನ ಆಸೆಗೆ ಹುಳ ತಿಂದಿರಬಹುದೆಂದು ಭೂತಗನ್ನಡಿ ಹಿಡಿದು ನೋಡಿದೆ. ಒಂದು ಗೀರೂ ಕಾಣಲಿಲ್ಲ. ನಾನೇ ಬರೆಯದೆ ಬಿಟ್ಟಿದ್ದೆನೋ ಎಂದು ಮೊಬೈಲಿನ ಫೋಟೊ ತೆಗೆದರೆ ಅದರಲ್ಲಿ ನಾಲ್ಕು ಹೋಳು ಇವೆ, ಈಗಲೂ ಇವೆ. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಈ ಸಲ ನನಗೆ ಹೇಸಿಗೆಯಾದದ್ದು ನನ್ನನ್ನು ಕಂಡು.

ಮರುದಿನ ಒಂದು ಪಪ್ಪಾಯಿ ತಂದು ಹೆಚ್ಚಿ, ಎದುರಿಗಿಟ್ಟುಕೊಂಡು, ಆ ಬಿಳಿ ಜಾಗದಲ್ಲಿ ಹೋಳನ್ನು ಮತ್ತೆ ಬರೆದೆ. ಜೀವಮಾನದಲ್ಲಿ ಯಾವ ಚಿತ್ರಕ್ಕೂ ಅಷ್ಟು ಕಷ್ಟಪಟ್ಟಿಲ್ಲ. ಬರೆಯುತ್ತ, ತಿನ್ನು ಬೇ ಎಂದು ಬಾಯಿಬಿಟ್ಟು ಅಂದೆ, ನಗಬೇಡಿ. ಫೈಲಿನಲ್ಲಿಟ್ಟು ಕಪಾಟಿಗೆ ಬೀಗ ಹಾಕಿದೆ. ಹನ್ನೊಂದು ದಿನ ಬಿಟ್ಟು ತೆಗೆದು ನೋಡಿದೆ. ಆಮೇಲೆ ತಿಂಗಳಿಗೊಮ್ಮೆ ನೋಡಿದೆ, ಈ ವರ್ಷ ಹಿರಿಯರ ಅಮಾವಾಸ್ಯೆಗೂ ನೋಡಿದೆ. ಬಣ್ಣ ಒಂದಿಷ್ಟು ಮಾಸಿದೆ, ಹೋಳು ಮಾತ್ರ ಇಟ್ಟಲ್ಲೇ ಇದೆ. ಅವಳಿಗೆ ಹೊಟ್ಟೆ ತುಂಬಿತೋ, ನನ್ನ ಕೈಯದು ಇನ್ನು ಬೇಡವೆನಿಸಿತೋ, ಯಾರನ್ನು ಕೇಳಲಿ?