ಮುಚ್ಚಳ ತೆರೆದಾಗ ಮಾತಿಲ್ಲ

ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಮನೆಗೆ ಹೋದ ಹೆಂಗಸರ ರಕ್ತದಲ್ಲಿ, ಆ ಖಾಯಿಲೆ ಮತ್ತೆ ತಲೆಯೆತ್ತುತ್ತಿದೆಯೇ ಎಂಬ ಸುಳಿವನ್ನು ಹುಡುಕುವ ಕೆಲಸವನ್ನು ಮೂವತ್ತೊಂದು ವರ್ಷಗಳ ಕಾಲ ಮಾಡಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಂತ್ರಜ್ಞೆಯವರನ್ನು ಆಸ್ಪತ್ರೆಯ ಮೂರು ಮಹಡಿಗಳಲ್ಲೂ ‘ಸುಮ್ನಿರಕ್ಕ’ ಎಂದೇ ಕರೆಯುತ್ತಾರೆ. ವಾಸ್ತವದಲ್ಲಿ ಅವರು ಮಾತಿನಮಲ್ಲಿ. ಕಾರಿಡಾರಿನ ತುದಿಯ ನಮ್ಮ ಪ್ರಯೋಗಾಲಯದ ಕೋಣೆಯಲ್ಲಿ ನಗು ಕೇಳಿಸಿತೆಂದರೆ ಅಕ್ಕ ಬಂದಿದ್ದಾರೆಂದು ಅರ್ಥ. ಆದರೆ ರಕ್ತದ ಟ್ಯೂಬಿನ ಮುಚ್ಚಳ ತೆರೆಯುವ ಹೊತ್ತಿಗೆ ಅವರು ಬಾಯಿಗೆ ಬಟ್ಟೆ ಕಟ್ಟಿ, “ಸುಮ್ನಿರಿ” ಎಂದು ಒಂದೇ ಒಂದು ಮಾತು ಹೇಳುತ್ತಾರೆ. ಮುಚ್ಚಳ ಮತ್ತೆ ಕೂರುವವರೆಗೆ ಯಂತ್ರದ ಸದ್ದಲ್ಲದೆ ಬೇರೆ ಸದ್ದಿರುವುದಿಲ್ಲ. ಈ ಪದ್ಧತಿ ಯಾವ ಮೇಲಧಿಕಾರಿಯ ಆದೇಶದಿಂದಲೂ ಬಂದದ್ದಲ್ಲ.

ಹೊಲಗದ್ದೆಗಳ ನಡುವಿನ ಊರಿನಿಂದ ಕೆಲಸಕ್ಕೆ ಬಂದ ಅಕ್ಕ, ಮೊದಲ ವರ್ಷದಿಂದಲೇ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಚೌಕುಳಿ ಹಾಳೆ ಇಟ್ಟು, ಪ್ರತಿ ಪರೀಕ್ಷೆಯ ಅಂಕಿಗೂ ಒಂದು ಚುಕ್ಕೆ ಹಾಕಿ, ಚುಕ್ಕೆಗಳನ್ನು ಪೆನ್ಸಿಲಿನಿಂದ ಸೇರಿಸುತ್ತ ಬಂದರು. ಗಡ್ಡೆಯ ಜೀವಕೋಶಗಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನಿನ ಅಳತೆ ಅದು. ಚಿಕಿತ್ಸೆ ಫಲಿಸಿದರೆ ಇಳಿಯುತ್ತದೆ. ಖಾಯಿಲೆ ಮರಳುವುದಾದರೆ ಎಷ್ಟೋ ಸಲ ನೋವು ಕಾಣುವುದಕ್ಕೆ ತಿಂಗಳುಗಳ ಮೊದಲೇ ಏರುತ್ತದೆ. ಹೊಸಬರಿಗೆ ಅಕ್ಕ ಹೇಳಿಕೊಡುತ್ತಿದ್ದುದು ಇಷ್ಟೇ: “ರಕ್ತ ಹೇಳೋದು ಅರ್ಧ ಮಾತು. ಉಳಿದರ್ಧ ಡಾಕ್ಟರು ಕೈಯಿಟ್ಟು ನೋಡಿ, ತುಣುಕು ತೆಗೆದು ನೋಡಿ ಹೇಳ್ಬೇಕು. ಒಂದು ಅಂಕಿ ನೋಡಿ ಗಾಬರಿ ಬೀಳ್ಬೇಡಿ, ಗೆರೆ ಯಾವ ಕಡೆ ಹೊರಟಿದೆ ಅಂತ ನೋಡಿ.”

ಈ ಮಾತನ್ನು ಅವರು ಕಲಿತದ್ದು ಪುಸ್ತಕದಿಂದಲ್ಲ. ಸೇವೆಯ ಒಂಬತ್ತನೆಯ ವರ್ಷ, ಒಂದು ಶನಿವಾರ, ವಾರದ ಚುಕ್ಕೆಗಳನ್ನು ಹಾಕುತ್ತಿದ್ದಾಗ, ಮೂವರು ಹೆಂಗಸರ ಗೆರೆಗಳು ಒಂದೇ ದಿನ ಗೋಡೆ ಹತ್ತಿದಂತೆ ಮೇಲಕ್ಕೆ ನೆಗೆದಿದ್ದುದು ಅಕ್ಕನ ಕಣ್ಣಿಗೆ ಬಿತ್ತು. ಸ್ಟ್ಯಾಂಡಿನಲ್ಲಿ ಆ ಮೂರು ಟ್ಯೂಬುಗಳೂ ಅಕ್ಕಪಕ್ಕದಲ್ಲಿದ್ದವು. ಇಬ್ಬರು ಇನ್ನೂ ವಾರ್ಡಿನಲ್ಲೇ ಇದ್ದರು. ಮೂರನೆಯವರು ಹಸು ಕಟ್ಟಿಕೊಂಡು ಬದುಕುತ್ತಿದ್ದ ಒಬ್ಬ ಹೆಂಗಸು. ಒಂದೂವರೆಯ ಒಳಗಿರಬೇಕಾದ ಅವರ ಅಂಕಿ ಹತ್ತೊಂಬತ್ತು ಎಂಬ ವರದಿ ಆಗಲೇ ಹೋಗಿತ್ತು. “ಮತ್ತೆ ಬಂದಿರಬಹುದು, ಶುಕ್ರವಾರ ಸ್ಕ್ಯಾನಿಗೆ ಬನ್ನಿ” ಎಂದು ವೈದ್ಯರು ಹೇಳಿಯೂ ಆಗಿತ್ತು. ಶುಕ್ರವಾರ ಅವರು ಬರಲಿಲ್ಲ.

ಆ ಟ್ಯೂಬುಗಳನ್ನು ತೆರೆದ ಬೆಳಿಗ್ಗೆ ಏನಾಗಿತ್ತೆಂದು ಅಕ್ಕ ನೆನಪಿಸಿಕೊಂಡರು. ಮಗಳು ಮೊದಲ ದಿನ ಶಾಲೆಗೆ ಹೋಗಿ, ಮೇಷ್ಟರ ಕುರ್ಚಿಯಲ್ಲೇ ಕೂತು ಏಳಲೊಲ್ಲೆನೆಂದ ಕಥೆಯನ್ನು ಪಕ್ಕದ ಮೇಜಿನವರಿಗೆ ಹೇಳುತ್ತ, ತೆರೆದ ಟ್ಯೂಬಿನ ಮೇಲೆ ಬಾಗಿಕೊಂಡೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಅದೇ ಪ್ರೋಟೀನು ನಮ್ಮೆಲ್ಲರ ಎಂಜಲಿನಲ್ಲೂ ಧಾರಾಳವಾಗಿರುತ್ತದೆ. ಒಂದು ಹನಿ ಸಿಡಿದರೂ ಸಾಕು, ಅಂಕಿ ನೆಗೆಯುತ್ತದೆ.

ಅಕ್ಕ ತಮ್ಮದೇ ರಕ್ತ ತೆಗೆದು ಎರಡು ಟ್ಯೂಬಿಗೆ ಹಾಕಿದರು. ಒಂದನ್ನು ಬಾಯಿ ಮುಚ್ಚಿಕೊಂಡು ಪರೀಕ್ಷಿಸಿದರು. ಇನ್ನೊಂದರ ಮೇಲೆ ಬಾಗಿ ಮಗಳ ಕಥೆಯನ್ನು ಮೊದಲಿನಿಂದ ಶುರುಮಾಡಿದರು.

“ಏನ್ರೀ, ರಕ್ತಕ್ಕೆ ಕಥೆ ಹೇಳ್ತಿದ್ದೀರಾ?” ಎಂದರು ಪಕ್ಕದ ಮೇಜಿನವರು.

“ನಗೋ ಜಾಗ ಬಂತು, ನಗಿಸಿ. ನನಗೆ ನಗು ಬರ್ತಿಲ್ಲ” ಎಂದರು ಅಕ್ಕ.

ಮೊದಲನೆಯದು ಒಂದರೊಳಗೆ ನಿಂತಿತು. ಎರಡನೆಯದು ಇಪ್ಪತ್ತೇಳು.

ಪತ್ರ ಹಾಕಿದರಾಯಿತು ಎಂದು ಪ್ರಯೋಗಾಲಯದ ಹಿರಿಯರು ಸಮಾಧಾನ ಹೇಳಿದಾಗ, “ಅದನ್ನ ಓದೋಕೆ ಅವರು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗ್ಬೇಕು ಸಾರ್, ತಪ್ಪು ಮಾಡಿದೋಳು ನಾನು” ಎಂದು, ಐಸು ತುಂಬಿದ ಫ್ಲಾಸ್ಕು ಹಿಡಿದು ಸೋಮವಾರ ಬಸ್ಸು ಹತ್ತಿದರು. ಹೋಗಿ ನೋಡಿದರೆ ಕೊಟ್ಟಿಗೆ ಖಾಲಿ. ಹೆಂಗಸು ಜಗಲಿಯಲ್ಲಿ ಕೂತು ಹಗ್ಗ ಸುತ್ತಿಡುತ್ತಿದ್ದರು. ನೋಡಿಕೊಳ್ಳಲು ತಾನಿನ್ನು ಇರುವುದಿಲ್ಲವೆಂದು ಹಸುವನ್ನು ನಾದಿನಿಯ ಮನೆಗೆ ಹೊಡೆದುಕೊಂಡು ಹೋಗಿ ಕೊಟ್ಟು ಬಂದಿದ್ದರು.

ಸುಳ್ಳು ಧೈರ್ಯ ಹೇಳುವುದು ಅಕ್ಕನ ಜಾಯಮಾನವಲ್ಲ. “ತಪ್ಪು ನನ್ನದಿರಬಹುದಮ್ಮ. ಖಾಯಿಲೆ ನಿಜವಾಗ್ಲೂ ಬಂದಿರಲೂಬಹುದು. ಇನ್ನೊಂದ್ಸಲ ರಕ್ತ ಕೊಟ್ಟರೆ ಗೊತ್ತಾಗುತ್ತೆ” ಎಂದರು.

ಹೆಂಗಸು ಹಗ್ಗವನ್ನು ಪಕ್ಕಕ್ಕಿಟ್ಟು ತೋಳು ಚಾಚಿದರು. “ನಿನ್ನ ತಪ್ಪೇ ಆಗಿರ್ಲಿ ಅಂತ ಬೇಡ್ಕೋತೀನಿ ತಾಯಿ. ಬೇಜಾರು ಮಾಡ್ಕೋಬೇಡ.”

“ನಾನೂ ಅದನ್ನೇ ಬೇಡ್ಕೋತಿದ್ದೀನಿ” ಎಂದರು ಅಕ್ಕ.

ಆಮೇಲೆ ಬಾಯಿಗೆ ಬಟ್ಟೆ ಕಟ್ಟಿಕೊಂಡು, ರಕ್ತ ತೆಗೆದು ಮುಗಿಯುವವರೆಗೂ ತುಟಿ ಬಿಚ್ಚಲಿಲ್ಲ. ಮುಚ್ಚಿದ ಟ್ಯೂಬಿಗೆ ರಕ್ತ ತೆಗೆಯುವಾಗ ಅಷ್ಟು ಎಚ್ಚರ ಬೇಕಿರಲಿಲ್ಲವೆಂದು ಅವರಿಗೂ ಗೊತ್ತಿತ್ತು. ಬಾಯಿ ತೆರೆಯುವ ಧೈರ್ಯ ಬರಲಿಲ್ಲ, ಅಷ್ಟೆ.

ಮಂಗಳವಾರ ಮಧ್ಯಾಹ್ನದ ಅಂಕಿ: ಒಂದು ಪಾಯಿಂಟ್ ಒಂದು. ಮತ್ತೆ ಪರೀಕ್ಷಿಸಿದಾಗ ವಾರ್ಡಿನ ಇಬ್ಬರದೂ ತಗ್ಗಿಯೇ ಇತ್ತು. ಅರ್ಧ ದಿನದ ರಜೆ ಬರೆದುಕೊಟ್ಟು ಅಕ್ಕ ಮತ್ತದೇ ಬಸ್ಸು ಹತ್ತಿದರು. ಸುದ್ದಿ ಕೇಳಿದ ಹೆಂಗಸು ಅಳಲೂ ಇಲ್ಲ, ನಗಲೂ ಇಲ್ಲ. ಸುತ್ತಿಟ್ಟಿದ್ದ ಹಗ್ಗವನ್ನು ಕೈಗೆ ತೆಗೆದುಕೊಂಡು, “ಹಾಗಾದ್ರೆ ನಡಿ. ಕೊಟ್ಟ ಹಸು ವಾಪಸ್ ಕೇಳೋಕೆ ನನಗೆ ಬಾಯಿ ಬರಲ್ಲ. ನನ್ನ ನಾದಿನಿ ಬಾಯಿ ನಿನಗೆ ಗೊತ್ತಿಲ್ಲ. ತಪ್ಪು ನಿಂದು, ನೀನೇ ಹೇಳು” ಎಂದರು. ಇಷ್ಟು ವರ್ಷಗಳಲ್ಲಿ ಎಷ್ಟೋ ತಪಾಸಣಾ ಸಮಿತಿಗಳ ಎದುರು ನಿಂತು ಉತ್ತರ ಕೊಟ್ಟಿರುವ ಅಕ್ಕ, ಆ ನಾದಿನಿಯ ಅಂಗಳದಲ್ಲಿ ಕೇಳಿಸಿಕೊಂಡಷ್ಟು ಪ್ರಶ್ನೆಗಳನ್ನು ಬೇರೆಲ್ಲೂ ಕೇಳಿಸಿಕೊಂಡಿಲ್ಲವೆನ್ನುತ್ತಾರೆ. ಕತ್ತಲಾಗುವ ಮೊದಲು ಹಸು ಕೊಟ್ಟಿಗೆಗೆ ಮರಳಿತು.

ಬುಧವಾರದಿಂದ ನಮ್ಮ ಕೋಣೆಯಲ್ಲಿ ‘ಸುಮ್ನಿರಿ’ ಎಂಬ ಮಾತು ಶುರುವಾಯಿತು. ಆಮೇಲಿನ ಇಪ್ಪತ್ತೆರಡು ವರ್ಷಗಳಲ್ಲಿ ಅಕ್ಕನ ಗೆರೆಗಳು ನಿಜವಾಗಿಯೇ ಏರಿದ್ದುಂಟು. ಅಂಕಿ ಇನ್ನೂ ಒಂದೂವರೆಯೊಳಗಿದ್ದಾಗಲೇ, ಗೆರೆ ಮೂರು ಸಲ ಬಿಡದೆ ಮೇಲೆ ಹೊರಟಿದೆಯೆಂದು ವೈದ್ಯರ ಬಾಗಿಲು ತಟ್ಟಿ, ಹೊತ್ತಿಗೆ ಮೊದಲೇ ಚಿಕಿತ್ಸೆ ಸಿಗುವಂತೆ ಮಾಡಿದ್ದುಂಟು. ಎಲ್ಲ ಮಾಡಿಯೂ ಕೈಮೀರಿದ್ದುಂಟು. ಅಂಥ ಹಾಳೆಗಳನ್ನೂ ಅವರು ಎಸೆದಿಲ್ಲ. ಕೆಳಗಿನ ಖಾನೆಯಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಿದ್ದಾರೆ.

ಹಸುವಿನಮ್ಮ ವರ್ಷಕ್ಕೊಮ್ಮೆ ಬರುತ್ತಲೇ ಇದ್ದಾರೆ. ಇನ್ನು ಬರಬೇಕಿಲ್ಲವೆಂದು ವೈದ್ಯರು ಹೇಳಿ ಎಷ್ಟೋ ಕಾಲವಾಯಿತು. ಅವರ ಹಾಳೆ ಮುಗಿದು, ಇನ್ನೊಂದನ್ನು ಅಂಟಿಸಿ, ಅದೂ ತುಂಬುತ್ತ ಬಂದಿದೆ. ಹೋದ ವಾರ ಬಂದವರು ನಿವೃತ್ತಿಯ ಸುದ್ದಿ ಕೇಳಿ, “ಇನ್ಮೇಲೆ ನನ್ನ ರಕ್ತದ ಮುಂದೆ ಸುಮ್ನಿರೋರು ಯಾರು?” ಎಂದು ಸಿಡುಕಿದರು. ಅಕ್ಕ ಮಾತಾಡಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿದ್ದ ಹೊಸ ತಂತ್ರಜ್ಞೆಯತ್ತ ಕೈ ತೋರಿಸಿದರು. ಆಕೆ ಆಗಷ್ಟೇ ಮುಚ್ಚಳ ತೆರೆಯುತ್ತಿದ್ದಳು.

ಮುಂದೆಯೂ ವಾರಕ್ಕೆರಡು ದಿನ ಬಂದು ಹೊಸಬರಿಗೆ ಗೆರೆ ಓದುವುದನ್ನು ಕಲಿಸಲು ಅಕ್ಕ ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಸ್ಸೂ ಆರೋಗ್ಯವೂ ಇರಲಿ. ಇಪ್ಪತ್ತೆರಡು ವರ್ಷ ತಡೆದಿಟ್ಟ ಮಾತನ್ನೆಲ್ಲ ಇನ್ನು ಅವರು ಮನಸಾರೆ ಆಡಲಿ. ಮಗಳ ಆ ಶಾಲೆಯ ಕಥೆಯನ್ನು ಮತ್ತೊಮ್ಮೆ ಪೂರ್ತಿ ಹೇಳಲಿ. ನಾವು ಟ್ಯೂಬುಗಳನ್ನೆಲ್ಲ ಮುಚ್ಚಿಟ್ಟು ಬಂದು ಕೂರುತ್ತೇವೆ.