ಹನ್ನೊಂದನೇ ಕಾಲಂ

ಚೆನ್ನೈಯ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಹಿಂಬದಿಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಆರು ಹಳೆಯ ಮನೆಗಳಿವೆ. ಆರರಲ್ಲೂ ಸರ್ಕಾರಿ ಕಚೇರಿಗಳೇ. ರುದ್ರಮುನಿ ಅಲ್ಲಿ ಮೂವತ್ತನಾಲ್ಕು ವರ್ಷದಿಂದ ಗುಮಾಸ್ತರು. ಹಣೆಗೆ ವಿಭೂತಿ, ಫೈಲಿಗೆ ಕೆಂಪು ದಾರ, ಎರಡನ್ನೂ ಒಂದು ದಿನ ತಪ್ಪಿಸಿದವರಲ್ಲ. ಈ ಪುಣ್ಯಾತ್ಮ ಬದುಕಿನಲ್ಲಿ ಹೇಳಿದ ಸುಳ್ಳು ಒಂದೇ, ಅದೂ ಕಾಲಂ ಖಾಲಿ ಬಿಡಬಾರದೆಂದು.

ಹದಿನೈದು ವರ್ಷದ ಹಿಂದೆ ಈ ಸಾಲನ್ನು ಕೆಡವುವ ಮಾತು ಬಂದಿತ್ತು. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಮಾತ್ರ ಉಳಿಗಾಲ. ಅರ್ಜಿಯ ಹನ್ನೊಂದನೇ ಕಾಲಂ 'ಇತಿಹಾಸ'. ಯಾರಿಗೂ ಏನೂ ಗೊತ್ತಿಲ್ಲ. ಖಾಲಿ ಬಿಟ್ಟರೆ ಫೈಲು ವಾಪಸ್. ರುದ್ರಮುನಿ ಊಟದ ಡಬ್ಬಿ ಮುಚ್ಚಿಟ್ಟು, ನೂರು ವರ್ಷಕ್ಕೂ ಹಿಂದಿನದೆಂದು ಬಳ್ಳಾರಿಯ ಒಂದು ಸಂಸಾರವನ್ನು ಕಾಗದದ ಮೇಲೇ ತಂದು ಮೂರನೇ ಮನೆಯಲ್ಲಿ ಇಳಿಸಿದರು. ಮಗಳಿಗೆ ಬಸವಣ್ಣೆಮ್ಮ ಎಂದು ಹೆಸರಿಟ್ಟರು. ಓದಿದವರ ಕರುಳು ಚುರ್ ಎನ್ನಲೆಂದು ಒಂಬತ್ತನೇ ವಯಸ್ಸಿಗೆ ಜ್ವರ ಬರಿಸಿ ಸಾಯಿಸಿದರು. ಸಾಲು ಪಟ್ಟಿಗೆ ಸೇರಿತು. ಇಲ್ಲದ ಮಗು ಸತ್ತರೆ ಯಾರಿಗೇನು ನಷ್ಟ!

ನಿವೃತ್ತಿಗೆ ನಾಲ್ಕು ದಿನವಿರುವಾಗ ದುರಸ್ತಿ ಶುರುವಾಯಿತು. ಎಂಜಿನಿಯರ್ ಭಾವನಾ, ಚೆನ್ನೈಯಲ್ಲೇ ಬೆಳೆದ ಕನ್ನಡದ ಹುಡುಗಿ, ಮೂರನೇ ಮನೆಯಿಂದ ಕೂಗಿದಳು.

"ಸಾರ್, ಸೀಕ್ರಂ ವಾಂಗ, ಬೇಗ ಬನ್ನಿ! ಕನ್ನಡದಲ್ಲಿ ಏನೋ ಬರ್ದಿದೆ. ನಂಗೆ ಓದಕ್ಕೆ ಬರಲ್ಲ."

ಮೇಲಿನ ಗಾರೆ ಕೆತ್ತಿ ತೆಗೆದ ಗೋಡೆಯ ಮೇಲೆ ಗೀರುಗಳಿದ್ದವು, ಮಗುವಿನ ಎತ್ತರ ಅಳೆದ ಗೀರುಗಳು. ಒಂದೊಂದರ ಪಕ್ಕದಲ್ಲೂ ವಯಸ್ಸು. ಎಲ್ಲಕ್ಕಿಂತ ಕೆಳಗಿದ್ದ ಹೆಸರನ್ನು ರುದ್ರಮುನಿ ಗಟ್ಟಿಯಾಗಿ ಓದಿದರು: ಬಸವಣ್ಣೆಮ್ಮ. ಒಂಬತ್ತರ ಮೇಲೆ ಬರಿಯ ಗೋಡೆ.

"ಈ ಗಾರೆ ಎಷ್ಟು ಹಳೇದಮ್ಮ?"

"ನೂರು ವರ್ಷಕ್ಕೆ ಕಮ್ಮಿ ಇಲ್ಲ ಸಾರ್. ನಿಮ್ಮ ಫೈಲಲ್ಲಿರೋ ಪಾಪುನೇ ಅಲ್ವಾ? ಪಾವಂ, ಅಯ್ಯೋ ಪಾಪ."

ರುದ್ರಮುನಿ ಒಂಬತ್ತರ ಗೀರಿನ ಮೇಲೆ ಕೈಯಿಟ್ಟರು. ಬಿಸಿಲಲ್ಲಿ ಆಡಿ ಬಂದ ಮಗುವಿನ ನೆತ್ತಿಯಂತೆ ಬೆಚ್ಚಗಿತ್ತು. ಅವರಿಗೆ ಹೆದರಿಕೆಗಿಂತ ಮೊದಲು ನಾಚಿಕೆಯಾಯಿತು. ಒಂದು ಕಾಲಂ ತುಂಬಲು ಮಗುವನ್ನು ಕೊಂದುಬಿಟ್ಟೆನಲ್ಲ!

ದುರಸ್ತಿಯ ಜೊತೆಗೆ ಸಾಲಿನ ಮುಂದೆ ನಿಲ್ಲಿಸುವ ಕಲ್ಲಿನ ಫಲಕದಲ್ಲಿ ಫೈಲಿನ ಇತಿಹಾಸವನ್ನು, ಆ ಸಾವನ್ನೂ ಸೇರಿಸಿ, ಆ ವಾರವೇ ಕೆತ್ತಿಸಬೇಕಿತ್ತು. ಫೈಲು ಅವರ ಮೇಜಿನ ಮೇಲೇ ಇತ್ತು. ತಿದ್ದಿದರೆ ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಸುಳ್ಳು ದಾಖಲೆ ಬರೆದೆನೆಂದು ತಾನೇ ಒಪ್ಪಿಕೊಂಡಂತೆ, ಪಿಂಚಣಿಗೇ ಕುತ್ತು. ಸಂಜೆ ಐದರವರೆಗೂ ಪೆನ್ನು ಹಿಡಿದು ಕೂತರು. ಆಮೇಲೆ 'ತೀರಿಕೊಂಡಳು' ಎಂಬುದರ ಮೇಲೆ ಗೆರೆ ಎಳೆದು ಬರೆದರು: 'ಈ ಸಾವು ನಾನು ಕಟ್ಟಿದ ಕತೆ. ಮಗುವಿಗೆ ಜ್ವರ ಬಿಟ್ಟಿತು.' ಸಹಿ, ತಾರೀಖು.

ಮರುದಿನ ಬೆಳಿಗ್ಗೆ ಭಾವನಾ ಮೂರನೇ ಮನೆಯ ಹೊರಗೇ ನಿಂತಿದ್ದಳು.

"ನಾನೇ ಬೀಗ ಹಾಕಿದ್ದು ಸಾರ್. ಸಾವಿ, ಅದೇ ಬೀಗದ ಕೈ, ನನ್ನ ಬ್ಯಾಗಲ್ಲೇ ಇತ್ತು. ಒಳಗೆ ನೀವೇ ಹೋಗಿ ನೋಡಿ."

ಒಂಬತ್ತರ ಮೇಲೆ, ಮೂರು ಬೆರಳಿನಷ್ಟು ಎತ್ತರದಲ್ಲಿ, ಹೊಸ ಗೀರು. ಪಕ್ಕದಲ್ಲಿ 'ಹತ್ತು'. ಅದರ ಸುಣ್ಣದ ಪುಡಿ ಇನ್ನೂ ನೆಲಕ್ಕೆ ಉದುರುತ್ತಿತ್ತು.

ರುದ್ರಮುನಿ ಅಲ್ಲಿಂದ ಕದಲಲಿಲ್ಲ. ಆ ಗೀರಿನ ಎತ್ತರಕ್ಕೆ ಗಾಳಿಯಲ್ಲಿ ಅಂಗೈ ಹಿಡಿದು, "ಬೆಳೆದಿದ್ದೀಯಲ್ಲೇ ತಾಯಿ," ಎಂದು ಅತ್ತರು.